ಗುಲಗಂಜಿ ಹುಳುವಿನ ಗುರುತು
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಮಾರಂಭದಲ್ಲಿ ವಿಜ್ಞಾನ ವಿಷಯವೊಂದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಗ್ರಹ ನಕ್ಷತ್ರಗಳನ್ನು ಕುರಿತೋ ಅಣುಶಕ್ತಿಯನ್ನು ಕುರಿತೋ ನಾವು ಮಾತನಾಡುವೆವೆಂದು ತಾವು ನಿರೀಕ್ಷಿಸಿರಬಹುದು. ನಾವು ಆರಿಸಿಕೊಂಡಿರುವ ವಿಷಯವಾದರೋ ಬಹು ಸಣ್ಣದು. ಗಾತ್ರದಲ್ಲಿ ಒಂದು ಜೋಳದ ಕಾಳಿನಷ್ಟು. ಅದು ನಮ್ಮ ಹೊಲ ಹಿತ್ತಲುಗಳಲ್ಲಿ ಎಲ್ಲರೂ ಕಂಡಿರುವ ಗುಲಗಂಜಿ ಹುಳು. ಕಡಲೆಬೇಳೆಯಂತೆ ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಕೆಂಪು ಅಥವಾ ಕಿತ್ತಳೆ ಬಣ್ಣದ ಬೆನ್ನು, ಅದರ ಮೇಲೆ ಕಪ್ಪು ಗುರುತುಗಳು. ಕೆಂಪು ಕಪ್ಪು ಕೂಡಿದ ಗುಲಗಂಜಿ ಕಾಳನ್ನು ಕಂಡವರಿಗೆ ಈ ಹೆಸರು ಏಕೆ ಬಂತೆಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಪರಿಚಿತವಾದ ಹುಳುವನ್ನು ಗುರುತಿಸುವುದರಲ್ಲಿ ಹೇಳುವಂಥದೇನಿದೆ ಎಂದು ಕೆಲವರು ಕೇಳಬಹುದು. ನಾವೂ ಒಮ್ಮೆ ಹಾಗೆಯೇ ಎಣಿಸಿದ್ದೆವು. ಆ ಎಣಿಕೆಯಿಂದ ನಮ್ಮ ಕೈಯಲ್ಲಿ ಒಂದು ತಪ್ಪು ನಡೆಯಿತು. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಂದಿನ ಮಾತೆಲ್ಲವೂ ಆ ತಪ್ಪಿನಿಂದಲೇ ಹುಟ್ಟಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಚಳಿಗಾಲದ ದಿನಗಳು. ಶಾಲೆಯ ಹಿತ್ತಲಿನಲ್ಲಿ ಮಕ್ಕಳು ಎರಡು ಮಡಿಗಳನ್ನು ಮಾಡಿದ್ದರು. ಒಂದರಲ್ಲಿ ಅಲಸಂದೆ, ಇನ್ನೊಂದರಲ್ಲಿ ಬದನೆ. ಅಕ್ಕಲಕೋಟೆ ಸೀಮೆಯ ಈ ಎರೆಭೂಮಿಯಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳೆಂದರೆ ಮಕ್ಕಳಿಗೆ ಎಷ್ಟು ಅಕ್ಕರೆಯೆಂಬುದನ್ನು ತಾವು ಬಲ್ಲಿರಿ. ಅಲಸಂದೆಯ ಎಳೆಯ ಕುಡಿಗಳ ಮೇಲೆ ಕಪ್ಪಗೆ ಹೇನು ಕೂತಿತು. ಮರಾಠಿಯಲ್ಲಿ ಇದಕ್ಕೆ ಮಾವಾ ಎನ್ನುತ್ತಾರೆ. ನಮ್ಮ ರೈತರೂ ಹಲವರು ಹಾಗೆಯೇ ಕರೆಯುತ್ತಾರೆ. ಆ ಹೇನುಗಳ ನಡುವೆ ಬೇರೊಂದು ಹುಳು ಓಡಾಡುತ್ತಿತ್ತು. ಉದ್ದನೆಯ ಮೈ, ಬೂದುಗಪ್ಪು ಬಣ್ಣ, ಅಲ್ಲಲ್ಲಿ ಹಳದಿ ಪಟ್ಟೆ, ಮೈಮೇಲೆ ಮುಳ್ಳಿನಂಥ ಗಂಟುಗಳು, ಮುಂಭಾಗದಲ್ಲಿ ಆರು ಉದ್ದ ಕಾಲುಗಳು. ಚಿಕ್ಕದೊಂದು ಮೊಸಳೆಯೇ ಸರಿ. ಮಕ್ಕಳು ಹೆದರಿ ನಮ್ಮನ್ನು ಕರೆದರು. ನಾವು ನೋಡಿದೆವು, ನೋಡಿದ್ದೇ ತೀರ್ಪು ಕೊಟ್ಟೆವು. "ಇದು ಪೀಡೆ. ಆರಿಸಿ ಸಾಬೂನಿನ ನೀರಿಗೆ ಹಾಕಿರಿ" ಎಂದೆವು. ಮಕ್ಕಳು ವಿಧೇಯರಾಗಿ ಹಾಗೆಯೇ ಮಾಡಿದರು.

ಅದೇ ದಿನ ಬದನೆಯ ಮಡಿಯಲ್ಲಿ ದುಂಡನೆಯ, ಕಂದುಗೆಂಪಿನ, ಮೈತುಂಬ ಚುಕ್ಕೆಗಳಿದ್ದ ಹುಳುಗಳು ಕಂಡವು. "ಇವು ಗುಲಗಂಜಿ ಹುಳುಗಳು, ರೈತನ ಮಿತ್ರರು, ಮುಟ್ಟಬೇಡಿರಿ" ಎಂದು ಹೇಳಿದೆವು. ಪುಸ್ತಕದಲ್ಲಿ ಓದಿದ್ದುದು ನೆನಪಿಗೆ ಬಂದು ನಮಗೇ ಸಂತೋಷವೂ ಆಗಿತ್ತು. ಹತ್ತು ದಿನಗಳೊಳಗೆ ಅಲಸಂದೆಯ ಕುಡಿಗಳು ಹೇನಿನಿಂದ ಮುರುಟಿದವು. ಬದನೆಯ ಎಲೆಗಳು ಜಾಲರಿಯಂತೆ ತೂತುಬಿದ್ದು ಒಣಗಿದವು. ನಾವು ಕೊಂದದ್ದು ಮಿತ್ರನನ್ನು, ಕಾದದ್ದು ಶತ್ರುವನ್ನು.

ಈ ಸಂಗತಿ ಹೊರಬಿದ್ದದ್ದು ಎಂಟನೆಯ ತರಗತಿಯ ಒಬ್ಬ ಹುಡುಗಿಯಿಂದ. ಆಕೆ ಮೂರು 'ಮೊಸಳೆ'ಗಳನ್ನು ನೀರಿಗೆ ಹಾಕದೆ ಗಾಜಿನ ಬಾಟಲಿಯೊಂದರಲ್ಲಿ ಇಟ್ಟುಕೊಂಡು, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ, ದಿನವೂ ಒಂದು ಅಲಸಂದೆಯ ಕುಡಿಯನ್ನು ಹಾಕುತ್ತಿದ್ದಳು. ಮೂರನೆಯ ದಿನ ಹೆದರುತ್ತಲೇ ನಮ್ಮ ಬಳಿಗೆ ಬಂದು, "ಗುರುಗಳ, ಈ ಹುಳಾ ಎಲಿ ತಿನ್ನಂಗಿಲ್ಲರಿ, ಮಾವಾ ತಿನ್ನತೈತಿ" ಎಂದಳು. ನಾವು ನೋಡಿದೆವು. ಬೆಳಿಗ್ಗೆ ಹೇನು ತುಂಬಿದ್ದ ಕುಡಿ ಸಂಜೆಗೆ ಬರಿದಾಗಿತ್ತು; ಎಲೆಯಲ್ಲಿ ಒಂದು ಕಚ್ಚಿನ ಗುರುತೂ ಇರಲಿಲ್ಲ.

ಮುಂದೆ ಆ ಮರಿಗಳು ಎಲೆಗೆ ಹಿಂಬದಿಯನ್ನು ಅಂಟಿಸಿಕೊಂಡು ಅಲುಗಾಡದೆ ಕೂತವು. ಸತ್ತವೆಂದು ಮಕ್ಕಳು ಮರುಗಿದರು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಮೇಲಿನ ಚರ್ಮ ಬಿರಿದು ಒಳಗಿನಿಂದ ದುಂಡನೆಯ ಒಂದು ಹುಳು ಹೊರಬಂತು. ಆದರೆ ಅದು ಬರಿಯ ಹಳದಿ. ಒಂದು ಚುಕ್ಕೆಯೂ ಇಲ್ಲ. "ಇದು ಗುಲಗಂಜಿ ಹುಳುವಲ್ಲ" ಎಂದು ನಾವು ಎರಡನೆಯ ಸಲ ಅವಸರಪಟ್ಟೆವು. ಹೊತ್ತು ಏರಿದಂತೆ ರೆಕ್ಕೆ ಗಡುಸಾಯಿತು. ಸಂಜೆಯ ವೇಳೆಗೆ ಹಳದಿಯು ಕಿತ್ತಳೆಗೆ ತಿರುಗಿ ಕಪ್ಪು ಗೆರೆಗಳು ಮೂಡಿದ್ದವು. ಆ ಹೊತ್ತಿನಿಂದ, ಹೆಸರು ಹೇಳುವ ಮೊದಲು ನೋಡಬೇಕು, ನೋಡುವಾಗ ಒಂದು ಕ್ರಮದಿಂದ ನೋಡಬೇಕು ಎಂಬ ಪಾಠವನ್ನು ನಾವೂ ಮಕ್ಕಳೂ ಜೊತೆಯಾಗಿ ಕಲಿಯತೊಡಗಿದೆವು. ಆ ಕ್ರಮವನ್ನೇ ಈಗ ತಮ್ಮ ಮುಂದೆ ಇಡುತ್ತೇವೆ.

ಮೊದಲು ವರ್ಗೀಕರಣವೆಂದರೇನು ಎಂಬುದನ್ನು ತಿಳಿಯೋಣ. ಕಾಗದಕ್ಕೆ ವಿಳಾಸ ಬರೆಯುವುದನ್ನು ನೆನೆಯಿರಿ. ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಕೊನೆಗೆ ಮನೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋದರೆ ಕಾಗದವು ಸರಿಯಾದ ಕೈಗೆ ತಲುಪುತ್ತದೆ. ಜೀವಿಗಳಿಗೂ ಇಂಥ ವಿಳಾಸವುಂಟು. ನಮ್ಮ ಹುಳುವಿಗೆ ಆರು ಕಾಲು. ಆದುದರಿಂದ ಅದು ಕೀಟಗಳ ವರ್ಗಕ್ಕೆ ಸೇರಿತು. ಅದರ ಮುಂದಿನ ಜೊತೆ ರೆಕ್ಕೆಗಳು ಹಾರಲು ಬಾರದ ಗಟ್ಟಿ ಚಿಪ್ಪುಗಳಾಗಿ, ಹಾರುವ ತೆಳು ರೆಕ್ಕೆಗಳನ್ನು ಒರೆಯಂತೆ ಮುಚ್ಚಿವೆ. ಆದುದರಿಂದ ಅದು ದುಂಬಿಗಳ ಗಣಕ್ಕೆ ಸೇರಿತು. ಈ ಗಣಕ್ಕೆ ಕೋಲಿಯಾಪ್ಟರ ಎಂದು ಹೆಸರು. ಒರೆಯಂಥ ರೆಕ್ಕೆಯುಳ್ಳವು ಎಂದೇ ಅದರ ಅರ್ಥ. ಮರಾಠಿಯವರು ಈ ಹುಳುವನ್ನು ಢಾಲಕಿಡಾ, ಎಂದರೆ ಗುರಾಣಿಯ ಹುಳು, ಎಂದು ಕರೆಯುವಾಗ ಕಂಡದ್ದೂ ಈ ಚಿಪ್ಪನ್ನೇ. ನಮ್ಮ ಹಿರಿಯರು ಬಣ್ಣವನ್ನು ನೋಡಿ ಹೆಸರಿಟ್ಟರು, ಅವರು ಆಕಾರವನ್ನು ನೋಡಿ ಹೆಸರಿಟ್ಟರು, ಹುಳು ಒಂದೇ.

ಗಣದಿಂದ ಕುಟುಂಬಕ್ಕೆ ಇಳಿಯೋಣ. ಕೆಂಪಗಿರುವ ದುಂಬಿಯೆಲ್ಲ ಗುಲಗಂಜಿ ಹುಳುವಲ್ಲ. ಕುಂಬಳ ಸೌತೆಗಳ ಬಳ್ಳಿಯ ಮೇಲೆ ಎಲೆಯನ್ನು ಕೊರೆಯುವ ಕೆಂಪು ದುಂಬಿಯನ್ನು ತಾವು ಕಂಡಿದ್ದೀರಿ. ಅದರ ಮೈ ತುಸು ಉದ್ದ, ಕುಡಿಮೀಸೆಗಳು ದಾರದಂತೆ ನೀಳ. ಗುಲಗಂಜಿ ಹುಳುವಿನ ಕುಡಿಮೀಸೆಗಳಾದರೋ ಮೋಟು. ತುದಿಯಲ್ಲಿ ಗದೆಯಂತೆ ದಪ್ಪ. ಭೂತಗನ್ನಡಿಯಿಂದ ಪಾದವನ್ನು ನೋಡಿದರೆ ಗುಲಗಂಜಿ ಹುಳುವಿನ ಪಾದದಲ್ಲಿ ಮೂರೇ ಗೆಣ್ಣುಗಳಿರುವಂತೆ ತೋರುತ್ತದೆ. ನಿಜವಾಗಿ ಇರುವುದು ನಾಲ್ಕು. ಮೂರನೆಯದು ಅತಿ ಚಿಕ್ಕದಾಗಿ ಎರಡನೆಯದರ ಮರೆಯಲ್ಲಿ ಅಡಗಿದೆ. ಈ ಲಕ್ಷಣಗಳುಳ್ಳ ದುಂಬಿಗಳ ಕುಟುಂಬವನ್ನು ಕಾಕ್ಸಿನೆಲ್ಲಿಡೆ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಕಡುಗೆಂಪು ಎಂಬರ್ಥದ ಮಾತಿನಿಂದ ಬಂದ ಹೆಸರಿದು. ಜಗತ್ತಿನಲ್ಲಿ ಈ ಕುಟುಂಬಕ್ಕೆ ಸೇರಿದ ಸುಮಾರು ೬,೦೦೦ ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಇಲ್ಲಿಯೇ ನಾವು ಎಡವಿದ್ದು. ಒಂದೇ ಕುಟುಂಬದವರೆಲ್ಲ ಒಂದೇ ಊಟ ಮಾಡುವರೆಂದು ಎಣಿಸಿದ್ದೆವು. ಈ ಕುಟುಂಬದಲ್ಲಿ ಹೆಚ್ಚಿನವು ಬೇಟೆಗಾರ ಹುಳುಗಳೆಂಬುದು ನಿಜ. ಕೆಲವು ಗಿಡದ ಹೇನನ್ನು ತಿನ್ನುತ್ತವೆ, ಕೆಲವು ಶಲ್ಕಕೀಟಗಳನ್ನೂ ಹಿಟ್ಟು ತಿಗಣೆಗಳನ್ನೂ ತಿನ್ನುತ್ತವೆ. ಇನ್ನು ಕೆಲವು ಎಲೆಯ ಮೇಲೆ ಬರುವ ಬೂದಿರೋಗದ ಬೂಷ್ಟನ್ನೇ ಮೇಯುತ್ತವೆ. ಒಂದು ಗುಂಪು ಮಾತ್ರ ಎಲೆಯನ್ನು ತಿನ್ನುತ್ತದೆ. ನಮ್ಮ ಬದನೆಯನ್ನು ಹಾಳುಮಾಡಿದ್ದು ಆ ಗುಂಪಿನದು. ಅದರ ಹೆಸರು ಹೆನೊಸೆಪಿಲ್ಯಾಕ್ನ ವಿಜಿಂಟಿಆಕ್ಟೊಪಂಕ್ಟೇಟ. ನಾಲಗೆಗೆ ಕಷ್ಟವಾದರೂ ಎರಡನೆಯ ಮಾತಿನ ಅರ್ಥ ಸುಲಭ: ಇಪ್ಪತ್ತೆಂಟು ಚುಕ್ಕೆಯದು.

ಮಿತ್ರನನ್ನೂ ಶತ್ರುವನ್ನೂ ಬೇರ್ಪಡಿಸುವ ಗುರುತುಗಳನ್ನು ವಿದ್ಯಾರ್ಥಿಗಳು ಲಕ್ಷ್ಯವಿಟ್ಟು ಕೇಳಬೇಕು. ಒಂದನೆಯದು ಹೊಳಪು. ಹೇನು ತಿನ್ನುವ ನಮ್ಮ ಸಾಮಾನ್ಯ ಗುಲಗಂಜಿ ಹುಳುಗಳ ಬೆನ್ನು ಎಣ್ಣೆ ಸವರಿದಂತೆ ನುಣುಪಾಗಿ ಹೊಳೆಯುತ್ತದೆ. ಬದನೆಯ ಹುಳುವಿನ ಬೆನ್ನಿನ ಮೇಲೆ ಅತಿ ಸಣ್ಣ ರೋಮಗಳು ದಟ್ಟವಾಗಿರುವುದರಿಂದ ಅದು ಮಾಸಲಾಗಿ ಕಾಣುತ್ತದೆ. ಎರಡನೆಯದು ಮರಿ. ಬೇಟೆಗಾರನ ಮರಿ ಉದ್ದಕಾಲಿನದು, ಚುರುಕಾದುದು, ಮೊಸಳೆಯಾಕಾರದ್ದು. ಬದನೆಯ ಹುಳುವಿನ ಮರಿ ಹಳದಿ ಬಣ್ಣದ್ದು, ನಿಧಾನದ್ದು. ಅದರ ಮೈತುಂಬ ಕವಲೊಡೆದ ಮುಳ್ಳುಗಳು. ಮೂರನೆಯದು ಎಲೆ. ಹುಳು ಕೂತ ಎಲೆಯ ಹಸಿರು ಕೆರೆದುಹೋಗಿ ನರಗಳು ಮಾತ್ರ ಉಳಿದಿದ್ದರೆ ಅಪರಾಧಿಯು ಎದುರಿಗೇ ಇದೆ. ನಾಲ್ಕನೆಯದು ಬಾಯಿ, ಇದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಬೇಟೆಗಾರನ ದವಡೆಗೆ ಚೂಪಾದ ತುದಿಯೂ ಬುಡದಲ್ಲೊಂದು ಹಲ್ಲೂ ಇರುತ್ತವೆ. ಎಲೆ ತಿನ್ನುವುದರ ದವಡೆಯಲ್ಲಿ ಬುಡದ ಹಲ್ಲಿಲ್ಲ. ತುದಿಯಲ್ಲಿ ಕೆರೆಯಲು ಹಲವು ಹಲ್ಲುಗಳಿವೆ. ತಿನ್ನುವ ಆಹಾರಕ್ಕೆ ತಕ್ಕಂತೆ ಬಾಯಿಯ ರಚನೆ.

ಬಾಯಿಯ ಮಾತು ಬಂದುದರಿಂದ ಒಬ್ಬ ಮಹನೀಯನನ್ನು ಇಲ್ಲಿ ನೆನೆಯಬೇಕು. ಜೀವಿಗಳಿಗೆ ಎರಡು ಮಾತಿನ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ ದೇಶದ ಲಿನೇಯಸ್. ಆತನು ೧೭೫೮ರ ತನ್ನ ಗ್ರಂಥದಲ್ಲಿ ಏಳು ಚುಕ್ಕೆಯ ಗುಲಗಂಜಿ ಹುಳುವಿಗೆ ಕಾಕ್ಸಿನೆಲ್ಲ ಸೆಪ್ಟೆಂಪಂಕ್ಟೇಟ ಎಂದು ಹೆಸರಿಟ್ಟನು. ಆತನ ಶಿಷ್ಯನಾದ ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ ಕೀಟಗಳನ್ನು ಬಾಯಿಯ ಅಂಗಗಳ ಆಧಾರದಿಂದ ವಿಂಗಡಿಸಬೇಕೆಂದು ಸಾಧಿಸಿದವನು. ಬದನೆಯ ಹುಳುವನ್ನು ೧೭೭೫ರಲ್ಲಿಯೂ, ನಮ್ಮ ಬಾಟಲಿಯಲ್ಲಿ ಹುಟ್ಟಿದ ಹುಳುವನ್ನು ೧೭೮೧ರಲ್ಲಿಯೂ ಲೋಕಕ್ಕೆ ಪರಿಚಯಿಸಿದವನು ಆತನೇ. ವಿಶೇಷವೆಂದರೆ ಅಂಥ ಪಂಡಿತನೂ ಆಗ ಎರಡನ್ನೂ ಕಾಕ್ಸಿನೆಲ್ಲ ಎಂಬ ಒಂದೇ ಜಾತಿಯಲ್ಲಿ ಇರಿಸಿದ್ದನು. ಅವೆರಡನ್ನು ಬೇರೆ ಬೇರೆ ಜಾತಿಗಳಿಗೆ ಸೇರಿಸಿದವರು ಆಮೇಲಿನ ವಿದ್ವಾಂಸರು. ಬದನೆಯ ಹುಳು ಈಗ ಇರುವ ಹೆನೊಸೆಪಿಲ್ಯಾಕ್ನ ಎಂಬ ಜಾತಿಯನ್ನು ಪ್ರತ್ಯೇಕಿಸಿದ್ದು ೧೯೬೧ರಲ್ಲಿ. ಶಾಲೆಯ ಹಿತ್ತಲಿನಲ್ಲಿ ತಪ್ಪಿದ ನಮಗೆ ಇದರಿಂದ ಸ್ವಲ್ಪ ಸಮಾಧಾನವಾಗುತ್ತದೆ. ಶಾಸ್ತ್ರವು ಬೆಳೆಯುವುದು ತಿದ್ದಿಕೊಳ್ಳುವುದರಿಂದ.

ಈಗ ನಮ್ಮ ಬಾಟಲಿಯ ಹುಳುವಿಗೆ ಬರೋಣ. ಹೇನು ತಿನ್ನುವ ಗುಲಗಂಜಿ ಹುಳುಗಳಲ್ಲಿ ನಮ್ಮ ಹೊಲಗಳಲ್ಲಿ ಸುಲಭವಾಗಿ ಕಾಣುವವು ಮೂರು. ಅವುಗಳಲ್ಲಿ ಇದು ಯಾವುದು? ಮಕ್ಕಳು ಚುಕ್ಕೆಗಳನ್ನು ಎಣಿಸಲು ಮೊದಲುಮಾಡಿದರು, ಅದು ಸಹಜವಾದದ್ದೇ. ಏಳು ಚುಕ್ಕೆಯ ಹುಳುವಿನಲ್ಲಿ ಎಣಿಕೆ ಫಲಿಸುತ್ತದೆ. ಒಂದೊಂದು ಚಿಪ್ಪಿನ ಮೇಲೆ ಮೂರು ಮೂರು ಚುಕ್ಕೆ, ಎರಡೂ ಚಿಪ್ಪುಗಳು ಕೂಡುವ ಗೆರೆಯ ಮೇಲ್ತುದಿಯಲ್ಲಿ ಎರಡಕ್ಕೂ ಸೇರಿದಂತೆ ಒಂದು ಚುಕ್ಕೆ, ಒಟ್ಟು ಏಳು. ನಮ್ಮ ಹುಳುವಿನಲ್ಲಾದರೋ ದುಂಡು ಚುಕ್ಕೆಗಳೇ ಇರಲಿಲ್ಲ. ಚಿಪ್ಪಿನ ಮೇಲೆ ಹಾವು ಹರಿದಂತೆ ಅಂಕುಡೊಂಕಾದ ಎರಡು ಅಡ್ಡಪಟ್ಟೆಗಳು, ಹಿಂದೆ ಒಂದು ಬೊಟ್ಟು, ನಡುವೆ ಚಿಪ್ಪುಗಳು ಕೂಡುವ ಕಡೆ ಉದ್ದಕ್ಕೂ ಕಪ್ಪು ಗೆರೆ. ಹೆಚ್ಚುಕಡಿಮೆ ಇಂಥವೇ ಅಡ್ಡಪಟ್ಟೆಗಳುಳ್ಳ ಇನ್ನೊಂದು ಹುಳುವೂ ಉಂಟು. ಅದಕ್ಕೆ ಕಾಕ್ಸಿನೆಲ್ಲ ಟ್ರಾನ್ಸ್‌ವರ್ಸಾಲಿಸ್ ಎಂದು ಹೆಸರು. ಬೆನ್ನನ್ನು ಮಾತ್ರ ನೋಡಿದರೆ ಇವೆರಡರಲ್ಲಿ ಮೋಸಹೋಗುವುದು ಸುಲಭ.

ಆಗ ನಮಗೆ ನೆರವಾದದ್ದು ಬೆನ್ನಲ್ಲ, ಕತ್ತಿನ ಭಾಗ. ತಲೆಗೂ ಚಿಪ್ಪುಗಳಿಗೂ ನಡುವೆ ಎದೆಯ ಮೇಲೊಂದು ಹಲಗೆಯಿದೆ. ಕಾಕ್ಸಿನೆಲ್ಲ ಜಾತಿಯ ಆ ಎರಡೂ ಹುಳುಗಳಲ್ಲಿ ಈ ಹಲಗೆ ಕಪ್ಪು. ಮುಂದಿನ ಎರಡು ಮೂಲೆಗಳಲ್ಲಿ ಮಾತ್ರ ಬಿಳಿಯ ಅಥವಾ ತಿಳಿಹಳದಿಯ ಮಚ್ಚೆಗಳು. ನಮ್ಮ ಹುಳುವಿನಲ್ಲಿ ಹಲಗೆಯ ಬಣ್ಣವೇ ತಿಳಿಹಳದಿ. ಅದರ ಹಿಂಬದಿಯ ಅಂಚಿನಲ್ಲಿ ಒಂದು ಕಪ್ಪು ಪಟ್ಟೆ, ಆ ಪಟ್ಟೆಯ ನಡುವಿನಿಂದ ಮುಂದಕ್ಕೆ ಚಾಚಿದ ಒಂದು ಕಪ್ಪು ಗುರುತು. ಇದರಿಂದ ನಮ್ಮ ಹುಳು ಕೈಲೊಮೆನಿಸ್ ಸೆಕ್ಸ್‌ಮ್ಯಾಕ್ಯುಲೇಟ ಎಂದು ತಿಳಿದುಬಂತು. ಸೆಕ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಆರು, ಮ್ಯಾಕ್ಯುಲ ಎಂದರೆ ಮಚ್ಚೆ. ಒಂದೊಂದು ಚಿಪ್ಪಿನಲ್ಲಿ ಎರಡು ಪಟ್ಟೆ, ಒಂದು ಬೊಟ್ಟು; ಎರಡು ಚಿಪ್ಪುಗಳಿಗೆ ಆರು. ಹೆಸರಿನ ಲೆಕ್ಕ ಹೀಗೆ ಸರಿಹೋಗುತ್ತದೆ. ಆದರೆ ಈ ಪ್ರಭೇದದಲ್ಲಿ ಗುರುತುಗಳು ಬಹಳ ಬದಲಾಗುತ್ತವೆ. ಒಂದರಲ್ಲಿ ಗೆರೆ ಕೂದಲಿನಂತೆ ತೆಳು, ಇನ್ನೊಂದರಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಬೆನ್ನಿನ ಬಹುಭಾಗವೇ ಕಪ್ಪು. ಒಂದೇ ತಾಯಿಯ ಮಕ್ಕಳಲ್ಲಿ ಮೈಬಣ್ಣ ಬೇರೆಯಾಗುವುದಿಲ್ಲವೇ? ಆದುದರಿಂದ ಬಣ್ಣವೊಂದನ್ನೇ ನಂಬಬಾರದು; ಹಲವು ಲಕ್ಷಣಗಳು ಒಂದೇ ಕಡೆಗೆ ಬೊಟ್ಟುಮಾಡಬೇಕು. ಅಷ್ಟಾದರೂ ಸಂದೇಹ ಉಳಿದ ಪ್ರಸಂಗದಲ್ಲಿ ತಜ್ಞರು ಗಂಡು ಹುಳುವಿನ ಒಳ ಅಂಗಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಣಯಿಸುತ್ತಾರೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಸಂಸ್ಥೆಗಳಲ್ಲಿ ಕೀಟಗಳ ಮಾದರಿಗಳನ್ನು ಕೂಡಿಟ್ಟಿರುವುದು ಇಂಥ ಹೋಲಿಕೆಗಾಗಿಯೇ.

ಹಳೆಯ ಕೃಷಿಗ್ರಂಥಗಳನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಇದೇ ಹುಳುವನ್ನು ಅವುಗಳಲ್ಲಿ ಮೆನೊಕೈಲಸ್ ಸೆಕ್ಸ್‌ಮ್ಯಾಕ್ಯುಲೇಟಸ್ ಎಂದು ಬರೆದಿರುವುದನ್ನು ಕಾಣುವಿರಿ. ಫ್ಯಾಬ್ರಿಸಿಯಸ್ ಇಟ್ಟ ಕಾಕ್ಸಿನೆಲ್ಲ ಎಂಬ ಮೊದಲ ಮಾತು ಹೋಗಿ ಬೇರೆ ಬಂತು, ಅದೂ ಬದಲಾಯಿತು. 'ಆರು ಮಚ್ಚೆಯದು' ಎಂಬ ಎರಡನೆಯ ಮಾತು ಮಾತ್ರ ೧೭೮೧ರಿಂದಲೂ ನಿಂತಿದೆ. ಇದು ನಮಗೆ ವಿಚಿತ್ರವಾಗಿ ತೋರಬೇಕಾಗಿಲ್ಲ. ಅಕ್ಕಲಕೋಟೆಯು ಒಂದು ಕಾಲಕ್ಕೆ ಸಂಸ್ಥಾನವಾಗಿತ್ತು. ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೬೦ರಿಂದ ಮಹಾರಾಷ್ಟ್ರ ರಾಜ್ಯದಲ್ಲಿದೆ. ನಮ್ಮ ಹಿರಿಯರ ಕಾಗದಗಳ ಮೇಲಿನ ವಿಳಾಸ ಮೂರು ಬಗೆಯಾಯಿತು. ಊರು ಇದ್ದಲ್ಲಿಯೇ ಇದೆ, ಮನೆಯ ಮಾತೂ ಇದ್ದಂತೆಯೇ ಇದೆ.

ಇನ್ನು ಈ ಹುಳುವಿನ ಬೆಲೆಯೇನು ಎಂಬುದನ್ನು ಪಾಲಕರು ತಿಳಿಯಬೇಕು. ಗಿಡದ ಹೇನು ಚೂಪಾದ ಸೊಂಡಿಲನ್ನು ಎಳೆಯ ಕುಡಿಗೆ ಚುಚ್ಚಿ ರಸ ಹೀರುತ್ತದೆ. ಕುಡಿ ಮುರುಟುತ್ತದೆ. ಹೇನು ಹೊರಹಾಕುವ ಸಿಹಿಯಾದ ಅಂಟುರಸ ಎಲೆಯ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಎಲೆಗೆ ಬೆಳಕು ತಾಗದಂತಾಗುತ್ತದೆ. ಹಲವು ಬಗೆಯ ಹೇನುಗಳು ಒಂದು ಗಿಡದಿಂದ ಇನ್ನೊಂದಕ್ಕೆ ನಂಜುರೋಗಗಳನ್ನೂ ಸಾಗಿಸುತ್ತವೆ. ನಮ್ಮ ಸೀಮೆಯಲ್ಲಿ ಕುಸುಬೆಗೆ ಚಳಿಗಾಲದಲ್ಲಿ ಬರುವ ಕಪ್ಪು ಹೇನಿನ ಕಾಟ ಎಲ್ಲರಿಗೂ ತಿಳಿದದ್ದೇ. ಹೆಣ್ಣು ಹೇನು ಗಂಡಿನ ನೆರವಿಲ್ಲದೆಯೇ, ಮೊಟ್ಟೆಯನ್ನೂ ಇಡದೆ, ನೇರವಾಗಿ ಮರಿಗಳನ್ನೇ ಈಯುತ್ತದೆ. ಆದುದರಿಂದಲೇ ಇಂದು ಒಂದು ಕುಡಿಯ ಮೇಲೆ ಕಂಡದ್ದು ವಾರದೊಳಗೆ ಸಾಲನ್ನೆಲ್ಲ ಹಬ್ಬುತ್ತದೆ.

ಆ ವೇಗಕ್ಕೆ ಪ್ರಕೃತಿಯೇ ಒಡ್ಡಿದ ತಡೆಗಳಲ್ಲಿ ಗುಲಗಂಜಿ ಹುಳು ಒಂದು. ತಾಯಿಹುಳು ಹೇನು ಇರುವ ಕಡೆಯನ್ನೇ ಹುಡುಕಿ, ಹಳದಿ ಬಣ್ಣದ ನೀಳ ಮೊಟ್ಟೆಗಳನ್ನು ಗುಂಪಾಗಿ, ನೆಟ್ಟಗೆ ನಿಲ್ಲಿಸಿದಂತೆ ಇಡುತ್ತದೆ. ಕೆಲವೇ ದಿನಗಳಲ್ಲಿ ಮರಿ ಹೊರಬರುತ್ತದೆ, ಮೂರು ಸಲ ಪೊರೆ ಬಿಟ್ಟು ದೊಡ್ಡದಾಗುತ್ತದೆ, ಕೋಶವಾಗುತ್ತದೆ, ದುಂಬಿಯಾಗುತ್ತದೆ. ಹವೆ ಬೆಚ್ಚಗಿದ್ದರೆ ಇದೆಲ್ಲ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಮರಿಯೂ ಹೇನನ್ನು ತಿನ್ನುತ್ತದೆ, ದುಂಬಿಯೂ ತಿನ್ನುತ್ತದೆ. ಒಂದು ಹುಳು ತನ್ನ ಜೀವಮಾನದಲ್ಲಿ ತಿನ್ನುವ ಹೇನುಗಳು ನೂರಾರು. ಅದನ್ನು ಹಿಡಿದಾಗ ಕಾಲಿನ ಗೆಣ್ಣುಗಳಿಂದ ಹಳದಿಯ ಕಹಿರಸವೊಂದು ಒಸರುವುದನ್ನು ಮಕ್ಕಳು ಕಂಡಿದ್ದಾರೆ. ಅದು ಹಕ್ಕಿ ಇರುವೆಗಳನ್ನು ದೂರವಿಡುವ ಉಪಾಯ; ಕೆಂಪು ಕಪ್ಪಿನ ಬಣ್ಣವೂ ಆ ಕಹಿಯನ್ನು ಸಾರುವ ಫಲಕ. ಪಾಪ, ಆ ಫಲಕವನ್ನು ಹಕ್ಕಿಗಳು ಓದುತ್ತವೆ. ಔಷಧಿಯ ಪಂಪು ಓದಲಾರದು. ವಿಷ ಸಿಂಪಡಿಸಿದಾಗ ಹೇನಿನೊಡನೆ ಗುಲಗಂಜಿ ಹುಳುವೂ ಸಾಯುತ್ತದೆ. ಉಳಿದ ನಾಲ್ಕು ಹೇನುಗಳು ತಡೆಯುವವರಿಲ್ಲದೆ ಮತ್ತೆ ಬೇಗನೆ ಹೆಚ್ಚುತ್ತವೆ. ಬೇಟೆಗಾರನ ಸಂಖ್ಯೆ ಅಷ್ಟು ಬೇಗ ಹೆಚ್ಚಲಾರದು.

ಗುರುತು ತಪ್ಪಿದರೆ ಶ್ರಮ ಹೇಗೆ ವ್ಯರ್ಥವಾಗುವುದೆಂಬುದಕ್ಕೂ, ಸರಿಯಾದರೆ ಹೇಗೆ ಫಲಿಸುವುದೆಂಬುದಕ್ಕೂ ದಕ್ಷಿಣ ಭಾರತದಲ್ಲಿಯೇ ನಿದರ್ಶನಗಳಿವೆ. ೧೮೯೮ರಲ್ಲಿ ಕಾಫಿಯ ಹಸಿರು ಶಲ್ಕಕೀಟವನ್ನು ಅಡಗಿಸಲೆಂದು ಆಸ್ಟ್ರೇಲಿಯದಿಂದ ಒಂದು ಬಗೆಯ ಗುಲಗಂಜಿ ಹುಳುವನ್ನು ತರಿಸಿದರು. ಅದು ಆ ಶಲ್ಕಕೀಟವನ್ನು ಅಡಗಿಸಲಿಲ್ಲ. ಅದಕ್ಕೆ ರುಚಿಸುವುದು ಹಿಟ್ಟು ತಿಗಣೆ. ಮುಂದೆ ಹಿಟ್ಟು ತಿಗಣೆಯ ಮೇಲೆ ಅದು ಬಹಳ ಉಪಯೋಗಕ್ಕೆ ಬಂತು. ಇನ್ನೊಂದು ನಿದರ್ಶನ ನೀಲಗಿರಿಯದು; ನಮ್ಮಂತೆಯೇ ಗಡಿಯಾಚೆ ಕನ್ನಡಿಗರು ನೆಲೆಸಿರುವ ಸೀಮೆ ಅದು. ೧೯೨೦ರ ದಶಕದ ಕೊನೆಯಲ್ಲಿ ಅಲ್ಲಿನ ವ್ಯಾಟಲ್ ಮರಗಳಿಗೆ ಹತ್ತಿಯ ಮೆತ್ತೆಯಂಥ ಶಲ್ಕಕೀಟವೊಂದು ಹತ್ತಿತು. ಅದೇ ಕೀಟ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಿತ್ತಳೆ ತೋಟಗಳನ್ನು ಹಾಳುಮಾಡಿದ್ದಾಗ, ೧೮೮೮-೮೯ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬಾತನು ಅದರ ತವರಾದ ಆಸ್ಟ್ರೇಲಿಯಕ್ಕೆ ಹೋಗಿ, ಅದನ್ನೇ ತಿನ್ನುವ ರೊಡೋಲಿಯ ಎಂಬ ಗುಲಗಂಜಿ ಹುಳುವನ್ನು ಹುಡುಕಿ ಕಳುಹಿಸಿದ್ದನು, ತೋಟಗಳು ಉಳಿದಿದ್ದವು. ನೀಲಗಿರಿಗೂ ೧೯೩೦ರ ಸುಮಾರಿಗೆ ಆ ಹುಳುವನ್ನೇ ತರಿಸಿ ಬಿಟ್ಟರು. ಪೀಡೆ ಹತೋಟಿಗೆ ಬಂತು. ಎರಡೂ ಗುಲಗಂಜಿ ಹುಳುಗಳೇ. ಯಾವುದು ಯಾವುದನ್ನು ತಿನ್ನುತ್ತದೆ ಎಂಬ ತಿಳಿವಳಿಕೆಯೇ ಸೋಲಿಗೂ ಗೆಲುವಿಗೂ ನಡುವೆ ಇದ್ದದ್ದು.

ವಿದ್ಯಾರ್ಥಿಗಳೇ, ಈ ಅಭ್ಯಾಸಕ್ಕೆ ನಿಮಗೆ ಬೇಕಾದದ್ದು ಒಂದು ಭೂತಗನ್ನಡಿ, ಒಂದು ಬಿಳಿಯ ಕಾಗದ, ಒಂದು ಬಾಟಲಿ, ಒಂದು ನೋಟುಪುಸ್ತಕ. ಹುಳುವನ್ನು ಕಾಗದದ ಮೇಲೆ ಮೆಲ್ಲನೆ ಇಳಿಸಿಕೊಳ್ಳಿರಿ. ಮೊದಲು ಮೈಯ ಆಕಾರ, ಬಳಿಕ ಕುಡಿಮೀಸೆ, ಬಳಿಕ ಬೆನ್ನಿನ ಹೊಳಪು ಅಥವಾ ರೋಮ, ಬಳಿಕ ಎದೆಯ ಹಲಗೆ, ಕೊನೆಗೆ ಚುಕ್ಕೆ ಗೆರೆಗಳು. ಈ ಕ್ರಮದಲ್ಲಿ ನೋಡಿ ಚಿತ್ರ ಬರೆಯಿರಿ. ದಿನಾಂಕ, ಊರು, ಯಾವ ಬೆಳೆ, ಆ ಗಿಡದಲ್ಲಿ ಹೇನಿತ್ತೇ ಇಲ್ಲವೇ, ಹುಳು ಏನನ್ನು ತಿನ್ನುತ್ತಿತ್ತು ಎಂಬುದನ್ನು ಬರೆದಿಡಿರಿ. ಹೆಸರು ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಡಿರಿ, ಊಹೆಯಿಂದ ತುಂಬಬೇಡಿರಿ. ನೋಡಿ ಮುಗಿದ ಮೇಲೆ ಹುಳುವನ್ನು ತಂದ ಗಿಡಕ್ಕೇ ಬಿಟ್ಟುಬನ್ನಿರಿ.

ಪಾಲಕರಲ್ಲಿ ನಮ್ಮ ಅರಿಕೆ ಇಷ್ಟೆ. ಹೇನು ಕಂಡ ದಿನವೇ ಪಂಪನ್ನು ಹೊರುವ ಮೊದಲು ಒಂದು ಸಲ ಬಾಗಿ ಕುಡಿಯನ್ನು ನೋಡಬೇಕು. ಹೇನುಗಳ ನಡುವೆ ಮೊಸಳೆಯಂಥ ಮರಿಗಳೂ ಹಳದಿ ಮೊಟ್ಟೆಗಳ ಗುಂಪುಗಳೂ ಕಂಡರೆ ಕೆಲವು ದಿನ ತಾಳಿ ನೋಡಬೇಕು. ಸಂದೇಹವಿದ್ದರೆ ಕೃಷಿ ಸಹಾಯಕರನ್ನು ಕೇಳಬೇಕು. ಔಷಧಿಯೇ ಬೇಡವೆಂದು ನಾವು ಹೇಳುವುದಿಲ್ಲ. ನೋಡದೆ ಬೇಡ ಎನ್ನುತ್ತೇವೆ.

ಬಾಟಲಿಯ ಹುಡುಗಿಯ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇವೆ. ಮರುವರ್ಷದ ಚಳಿಗಾಲದಲ್ಲಿ ಆಕೆಯ ತಂದೆಯ ಕುಸುಬೆ ಹೊಲಕ್ಕೆ ಹೇನು ಬಂತು. ತಂದೆಯು ಪಂಪನ್ನು ಸಿದ್ಧಮಾಡಿಕೊಂಡು ಹೊರಟಾಗ ಮಗಳು ಬೆನ್ನಹಿಂದೆಯೇ ಹೋಗಿ, ಕುಡಿಗಳನ್ನು ತಿರುವಿ ತೋರಿಸಿ, "ಅಪ್ಪಾ, ಇವು ನಮ್ಮ ಶಾಲಿ ಹುಳಾನ ಅದಾವ, ಎಂಟು ದಿನ ತಡಿ" ಎಂದಳಂತೆ. ಓದು ಬರಹ ಬಾರದ ಆ ತಂದೆ ಮಗಳ ಮಾತಿಗೆ ತಡೆದರು. ಹೇನು ಪೂರ್ತಿಯಾಗಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಒಂದು ಅಂಚಿನ ಕೆಲವು ಸಾಲುಗಳಿಗೆ ಔಷಧಿ ಹೊಡೆಯಬೇಕಾಯಿತು. ಉಳಿದ ಹೊಲಕ್ಕೆ ಬೇಕಾಗಲಿಲ್ಲ. ಇದನ್ನು ಅವರೇ ಶಾಲೆಗೆ ಬಂ­ದು ತಿಳಿಸಿದರು. ಆಕೆಯ ನೋಟುಪುಸ್ತಕದ ಆ ದಿನದ ಪುಟವನ್ನು ನಾವು ನೋಡಿದೆವು. ಚಿತ್ರದ ಕೆಳಗೆ ಮೂರು ಹೆಸರುಗಳಿದ್ದವು: ಗುಲಗಂಜಿ ಹುಳು, ಢಾಲಕಿಡಾ, ಕೈಲೊಮೆನಿಸ್ ಸೆಕ್ಸ್‌ಮ್ಯಾಕ್ಯುಲೇಟ. ಮೂರನ್ನೂ ಆಕೆ ಕನ್ನಡ ಅಕ್ಷರಗಳಲ್ಲಿಯೇ ಬರೆದಿದ್ದಳು.

ನಮ್ಮ ಶಾಲೆಯಲ್ಲಿ ತಾಯ್ನುಡಿಯಲ್ಲಿ ಕಲಿತು ಮಕ್ಕಳಿಗೆ ಏನು ಬಂದೀತು ಎಂದು ಆಗಾಗ್ಗೆ ಕೇಳುವವರುಂಟು. ಮನೆಯ ಮಾತಿನಲ್ಲಿ ಕಂಡದ್ದನ್ನು ಕಂಡಂತೆ ಹೇಳಲು ಬಂದೀತು. ಗುರುಗಳು ತಪ್ಪಿದಾಗ ವಿನಯದಿಂದ ತಿದ್ದಲು ಬಂದೀತು. ಹೊಲದಲ್ಲಿ ಅಪ್ಪನಿಗೆ ಅರ್ಥವಾಗುವಂತೆ ತಿಳಿಸಲು ಬಂದೀತು. ಇದಕ್ಕಿಂತ ಹೆಚ್ಚಿನದನ್ನು ನಾವು ಇಂದು ಹೇಳಬೇಕಾಗಿಲ್ಲ.